ಶನಿವಾರದ ಬಟವಾಡೆ

ನಮ್ಮ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಪ್ರತಿವರ್ಷ ಒಬ್ಬರಾದರೂ ಆಡುವ ಮಾತಿದು: “ಈ ನೌಕರಿ ಸಾಕಪ್ಪಾ. ಬೆಂಗಳೂರಿಗೆ ವಾಪಸ್ ಹೋಗಿ ಸ್ವಂತದ್ದು ಏನಾದ್ರೂ ಶುರು ಮಾಡ್ತೀನಿ. ಯಾರ ಹಂಗೂ ಇರಲ್ಲ.” ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ವಿಜಯನಗರದಲ್ಲೊಂದು ದರ್ಶಿನಿಯೋ ಕೆಂಗೇರಿಯಲ್ಲೊಂದು ಸಣ್ಣ ಫ್ಯಾಕ್ಟರಿಯೋ ಎದ್ದು ನಿಂತಿರುತ್ತದೆ. ಆಗೆಲ್ಲ ನನಗೆ ರಾಜಾಜಿನಗರದ ಸೋದರಮಾವ ನೆನಪಾಗುತ್ತಾರೆ.

1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಹುಟ್ಟಿದವು. ಇಂಥ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತ ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್‌ನ ಎಷ್ಟೋ ಶೆಡ್‌ಗಳು ಬದುಕಿದವು. ಮಾವ ಹದಿನಾಲ್ಕು ವರ್ಷ ಟರ್ನರ್ ಆಗಿ ದುಡಿದು, ಅತ್ತೆಯ ಬಳೆ ಅಡವಿಟ್ಟು, ಬಟಾಲಾದ ಸೆಕೆಂಡ್‌ಹ್ಯಾಂಡ್ ಲೇತ್ ಒಂದನ್ನು ತಂದು ಕೂರಿಸಿದರು. ಮಾಡುತ್ತಿದ್ದದ್ದು ಜಾಬ್ ವರ್ಕ್. ಕಬ್ಬಿಣ ಕಂಪನಿಯವರದು, ಡ್ರಾಯಿಂಗ್ ಅವರದು, ಕೈ ಮಾತ್ರ ನಮ್ಮದು. ಅಕ್ಕಪಕ್ಕದ ಶೆಡ್‌ಗಳಲ್ಲೂ ಅದೇ ಕೆಲಸ. ಯಾರಿಗೂ ಹೊಳೆಯದ ಐಡಿಯಾ ಬೇಕು ಅನ್ನುವವರು ಅಲ್ಲಿಗೆ ಹೋಗಿ ನೋಡಬೇಕು. ಹೇಳಿದ ಅಳತೆಗೆ, ಹೇಳಿದ ದಿನಕ್ಕೆ ಬುಷ್ ಕೊಡುವವನೇ ಅಲ್ಲಿ ಅಪರೂಪ. ಮಾವನಿಗೆ ಕೆಲಸ ಹುಡುಕಿಕೊಂಡು ಬರುತ್ತಿದ್ದದ್ದು ಅದಕ್ಕೇ.

ಕಾಲೇಜು ರಜೆಯಲ್ಲಿ ಅಲ್ಲಿ ಕೂತು ಚಲನ್, ಬಿಲ್ ಬರೆಯುತ್ತಿದ್ದೆ. “ಮಾವ, ನಿಮಗೇನು ಬಿಡಿ, ಬಾಸೇ ಇಲ್ಲ” ಅಂದಿದ್ದೆ ಒಮ್ಮೆ. ಹತ್ತಿಬಟ್ಟೆಯಲ್ಲಿ ಕೈಯ ಎಣ್ಣೆ ಒರೆಸಿಕೊಳ್ಳುತ್ತ, “ಮೊದ್ಲು ಒಬ್ಬ ಇದ್ದ ಕಣಯ್ಯ. ಈಗ ಹನ್ನೊಂದು ಜನ ಇದಾರೆ. ಒಬ್ಬೊಬ್ಬ ಪಾರ್ಟೀನೂ ಒಬ್ಬೊಬ್ಬ ಬಾಸು” ಅಂದರು. ಆಮೇಲೆ ಫೋನ್ ಎತ್ತಿ, “ನಮಸ್ಕಾರ ಸಾರ್, ನಮ್ದೊಂದು ಚೆಕ್ಕು...” ಎಂದು ಶುರು ಮಾಡಿದರು. ಆ ದನಿ ಮನೆಯಲ್ಲಿ ನಾನು ಕೇಳಿದ್ದೇ ಅಲ್ಲ.

ಒಂದು ವರ್ಷ ದೊಡ್ಡ ಕಂಪನಿಯೊಂದು (ಹೆಸರು ಬೇಡ) ಆರ್ಡರ್ ಮೂರು ಪಟ್ಟು ಮಾಡಿತು. ಆಯುಧಪೂಜೆಗೆ ಬೂದುಗುಂಬಳ ಒಡೆದು, ಮಾಮೂಲಿಗಿಂತ ಎರಡರಷ್ಟು ಕಡಲೆಪುರಿ ಹಂಚಿದ್ದರು ಮಾವ. ಎರಡು ಶಿಫ್ಟ್, ನಾಲ್ಕು ಹೊಸ ಹುಡುಗರು. ಬಿಲ್ ಮಾತ್ರ ಏಳು ತಿಂಗಳು ಪಾಸಾಗಲಿಲ್ಲ. ಕೂಲಿ ಪ್ರತಿ ಶನಿವಾರ, ಕರೆಂಟು ಬಿಲ್ ಪ್ರತಿ ತಿಂಗಳು, ಟೂಲ್‌ಗೆ ಕೈಯಲ್ಲೇ ಕಾಸು. ಆ ಶೆಡ್ ಬಾಗಿಲು ಹಾಕುವ ಮಟ್ಟಕ್ಕೆ ಬಂದದ್ದು ಕೆಲಸವಿಲ್ಲದೆ ಅಲ್ಲ, ಕೆಲಸ ಹೆಚ್ಚಾಗಿ. ಬಿಡಿಸಿಕೊಂಡಿದ್ದ ಬಳೆ ಮತ್ತೆ ಅಡವಿಗೆ ಹೋಯಿತು. ವ್ಯಾಪಾರ ಜೋರಾದರೆ ದುಡ್ಡು ಬಂತೆಂದೇ ನಾವೆಲ್ಲ ಲೆಕ್ಕ ಹಾಕುತ್ತೇವೆ. ಎಲ್ಲ ತಪ್ಪು ಕಲ್ಪನೆಗಳಲ್ಲಿ ಇದರಷ್ಟು ದುಬಾರಿಯದು ಇನ್ನೊಂದಿಲ್ಲ.

ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಒಪ್ಪಂದ ಏನೇ ಇದ್ದರೂ ಸಣ್ಣ ಉದ್ದಿಮೆಯ ಬಾಕಿಯನ್ನು 45 ದಿನದೊಳಗೆ ತೀರಿಸಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಮುಂದಿನ ಆರ್ಡರ್ ಬೇಕಾದವನು ದೂರು ಕೊಡುತ್ತಾನೆಯೇ? ಈಗಂತೂ ಪಾರ್ಟಿ ಹಣ ಕೊಡಲಿ ಬಿಡಲಿ, ಹಾಕಿದ ಬಿಲ್ಲಿನ ಜಿಎಸ್‌ಟಿಯನ್ನು ಮರುತಿಂಗಳು ನಾವೇ ಕಟ್ಟಬೇಕು.

ಡಾಲರ್ ಉಳಿತಾಯ ಇದೆಯಲ್ಲ ಎನ್ನುತ್ತಾರೆ ಗೆಳೆಯರು. ಇರಲಿ. ಅದನ್ನೆಲ್ಲ ಮೊದಲ ದಿನವೇ ಮೆಷಿನ್ನಿಗೋ ಗ್ರಾನೈಟ್ ಕೌಂಟರಿಗೋ ಸುರಿಯಬೇಡಿ. ಆರು ತಿಂಗಳ ಕೂಲಿ, ಬಾಡಿಗೆ ಬೇರೆ ಎತ್ತಿಡಿ.

ಹೋಗಬೇಡಿ ಎನ್ನುತ್ತಿಲ್ಲ ನಾನು. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ 1949ರಿಂದಲೂ ಇದೆ, ಅದರ ಕಚೇರಿ ವಿಜಯನಗರದಲ್ಲೇ. ಡಿಸೆಂಬರ್ ರಜೆಗೆ ಊರಿಗೆ ಹೋದಾಗ ಅಲ್ಲೊಮ್ಮೆ ವಿಚಾರಿಸಿ. ಇಂಡಸ್ಟ್ರಿಯಲ್ ಟೌನ್‌ನಲ್ಲಿ ಪರಿಚಯದವರ ಶೆಡ್ ಇದ್ದರೆ, ಒಂದು ಶನಿವಾರ ಸಂಜೆ ಬಟವಾಡೆ ಮುಗಿಯುವವರೆಗೆ ಕೂತು ಬನ್ನಿ. ಮಾವನ ಶೆಡ್ ಈಗಲೂ ಇದೆ, ಮಗ ನೋಡಿಕೊಳ್ಳುತ್ತಾನೆ. ಬಟಾಲಾ ಲೇತ್ ಮೂಲೆಯಲ್ಲಿದೆ. ಅದನ್ನು ಮಾರಲು ಅತ್ತೆ ಒಪ್ಪಿಲ್ಲ.