ಅಭಯದ ಮಾತಿಗೂ ಆಧಾರ ಬೇಕು

ಬರಗಾಲವನ್ನೇ ಹೆಚ್ಚು ಕಂಡ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಜನರಿಗೆ ನೀರಿನ ಸುದ್ದಿಯೆಂದರೆ ಸಾಮಾನ್ಯವಾಗಿ ಶುಭ ಸುದ್ದಿ. 2022ರ ಸೆಪ್ಟೆಂಬರ್ ಆರಂಭದಲ್ಲಿ ವಾಣಿವಿಲಾಸ ಸಾಗರವು 1933ರ ಬಳಿಕ ಮೊದಲ ಬಾರಿಗೆ, ಅಂದರೆ 89 ವರ್ಷಗಳ ನಂತರ, ಕೋಡಿ ಬಿದ್ದಾಗ ಜಿಲ್ಲೆಯೇ ಸಂಭ್ರಮಿಸಿತು. ಆದರೆ ನೀರಿನ ಮಟ್ಟ 130 ಅಡಿ ದಾಟಿತೆಂಬ ಆ ಸುದ್ದಿಯೇ ಕೆಳಗೆ ಹಿರಿಯೂರಿನಲ್ಲಿ ವೇದಾವತಿಯ ದಂಡೆಯವರಿಗೆ ಎಚ್ಚರಿಕೆಯಾಗಿತ್ತು. ಮೇಲೆ ಹೊಸದುರ್ಗ ತಾಲೂಕಿನಲ್ಲಿ ಹಿನ್ನೀರಿಗೆ ಜಮೀನು ಒಪ್ಪಿಸಿದವರಿಗೆ ಅದು ನಷ್ಟದ ಸುದ್ದಿಯಾಗಿತ್ತು.

ಇಂತಹ ಹೊತ್ತಿನಲ್ಲಿ ಅಧಿಕಾರಿಗಳು ಮತ್ತು ಪತ್ರಿಕೆ, ಟಿ.ವಿ.ಗಳು ಹೇಳುವುದನ್ನು ನಾವೆಷ್ಟು ನಂಬಬೇಕು? ಸರಕಾರ ಹೇಳಿದ ಮೇಲೆ ಕೇಳುವುದೇನಿದೆ ಎನ್ನುವವರಿದ್ದಾರೆ. ಸರಕಾರ ಹೇಳಿತೆಂಬ ಕಾರಣಕ್ಕೇ ಅದು ಸುಳ್ಳು ಎನ್ನುವವರೂ ಇದ್ದಾರೆ. ಯೋಚಿಸಿ ನೋಡಿರಿ, ಇಬ್ಬರೂ ಪರಿಶೀಲಿಸುವ ಶ್ರಮದಿಂದ ತಪ್ಪಿಸಿಕೊಂಡವರೇ.

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 83ನೆಯ ಸೂಕ್ತವು ಸುದ್ದಿ ಹಬ್ಬಿಸುವವರನ್ನು ಆಕ್ಷೇಪಿಸುತ್ತದೆ. ಗಮನಿಸಿರಿ, ಅಲ್ಲಿ ಪ್ರಸ್ತಾಪವಾಗಿರುವುದು ಭಯದ ಸುದ್ದಿ ಮಾತ್ರವಲ್ಲ, ಅಭಯದ ಸುದ್ದಿಯೂ ಹೌದು. ಎರಡನ್ನೂ ಬಲ್ಲವರ ಬಳಿಗೆ ಒಯ್ಯಬೇಕೆಂಬುದೇ ಅದರ ಪಾಠ.

2018ರ ಆಗಸ್ಟಿನಲ್ಲಿ ಕೇರಳವು ನೆರೆಯಲ್ಲಿ ಮುಳುಗಿದ್ದಾಗ ಮುಲ್ಲಪೆರಿಯಾರ್ ಅಣೆಕಟ್ಟೆ ಒಡೆಯುತ್ತಿದೆಯೆಂಬ ಸುಳ್ಳು ಮೊಬೈಲಿನಿಂದ ಮೊಬೈಲಿಗೆ ಹರಡಿತು. ಮೊದಲೇ ಕಂಗೆಟ್ಟಿದ್ದವರನ್ನು ಅದು ಮತ್ತಷ್ಟು ಕಂಗೆಡಿಸಿತು. ಇದು ಭಯದ ಸುಳ್ಳು. ಅಭಯದ ಮಾತೂ ಜೀವ ತೆಗೆಯಬಲ್ಲದು. ಇಟಲಿಯ ಲಾಕ್ವಿಲಾ ಪಟ್ಟಣದಲ್ಲಿ 2009ರಲ್ಲಿ ಭೂಮಿ ಮತ್ತೆ ಮತ್ತೆ ನಡುಗುತ್ತಿದ್ದಾಗ ಅಧಿಕಾರಿಯೊಬ್ಬರು ಅಪಾಯವಿಲ್ಲವೆಂದು ಜನರಿಗೆ ಧೈರ್ಯ ಹೇಳಿದರು. ಏಪ್ರಿಲ್ 6ರ ಭೂಕಂಪದಲ್ಲಿ 300ಕ್ಕೂ ಹೆಚ್ಚು ಮಂದಿ ಸತ್ತರು. ಭೂಕಂಪದ ದಿನವನ್ನು ಯಾರೂ ಮೊದಲೇ ಹೇಳಲಾರರು. ಆದರೆ ತಿಳಿಯದ್ದನ್ನು ತಿಳಿದವರಂತೆ ಹೇಳುವುದು ಅಪರಾಧವೇ.

ಆದ್ದರಿಂದ ಎರಡು ಬಗೆಯ ಮಾತುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. "ಮನೆ ಬಿಟ್ಟು ಹೊರಡಿ" ಎಂದು ಅಧಿಕಾರಿ ಹೇಳಿದರೆ ಕೂಡಲೇ ಹೊರಡಿರಿ. ಅದು ತಪ್ಪಾದರೆ ಹೋಗುವುದು ಒಂದು ರಾತ್ರಿಯ ನಿದ್ದೆ. "ಹೆದರಬೇಡಿ" ಎಂದರೆ ಆಧಾರ ಕೇಳಿರಿ. ಅದು ತಪ್ಪಾದರೆ ಹೋಗುವುದು ಮಕ್ಕಳ ಪ್ರಾಣ. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2013ರ ಫೈಲಿನ್ ಚಂಡಮಾರುತಕ್ಕೆ ಮುನ್ನ ಲಕ್ಷಾಂತರ ಜನ ಎಚ್ಚರಿಕೆಗೆ ಓಗೊಟ್ಟು ಮನೆ ಬಿಟ್ಟರು. ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ.

ಆಧಾರ ಕೇಳುವುದೆಂದರೆ ಜಗಳವಾಡುವುದಲ್ಲ. ನೀರಿನ ಮಟ್ಟ ಎಷ್ಟು, ಒಳಹರಿವು ಎಷ್ಟು ಕ್ಯೂಸೆಕ್, ಅಳೆದದ್ದು ಎಷ್ಟು ಗಂಟೆಗೆ ಎಂದು ಕೇಳುವುದು. ನಮ್ಮ ಅಣೆಕಟ್ಟೆಯ ಬಗ್ಗೆ ನಾವೂ ಸ್ವಲ್ಪ ತಿಳಿದಿರಬೇಕು. ವಾಣಿವಿಲಾಸ ಸಾಗರದ ಕೋಡಿಗೆ ಗೇಟುಗಳಿಲ್ಲ. ತುಂಬಿದ ಮೇಲೆ ನೀರು ತಾನಾಗಿ ಹರಿಯುತ್ತದೆ. ಇಷ್ಟು ಬಲ್ಲವನು "ರಾತ್ರಿ ಕೋಡಿಯ ಗೇಟು ತೆರೆಯುತ್ತಾರಂತೆ" ಎಂಬ ಮಾತಿಗೆ ಬೆಚ್ಚಿಬೀಳಲಾರ.

ಅಧಿಕಾರಿಗಳ ಕೈಯಲ್ಲಿರುವ ಮಾಹಿತಿಯೂ ಒಂದು ಅಮಾನತು. ಜನ ಗಾಬರಿಯಾದಾರೆಂದು ಅದನ್ನು ಬಚ್ಚಿಟ್ಟರೆ ಆ ಜಾಗವನ್ನು ವದಂತಿ ತುಂಬುತ್ತದೆ.

ಪ್ರಿಯ ಓದುಗರೇ, ಅದೇ ಅಮಾನತು ನಮ್ಮ ಕೈಗೂ ಬರುತ್ತದೆ. ಮಸೀದಿಯ ಮೈಕಿನಲ್ಲಿ ಹೇಳುವ ಮುನ್ನ, ವಾಟ್ಸ್ಆ್ಯಪ್‌ನಲ್ಲಿ ಮುಂದೆ ಕಳಿಸುವ ಮುನ್ನ, ಇದನ್ನು ಹೇಳಿದವರು ಯಾರು, ಯಾವಾಗ ಎಂದು ಕೇಳಿಕೊಳ್ಳಿರಿ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವವನು ಸುಳ್ಳುಗಾರನಾಗಲು ಅಷ್ಟೇ ಸಾಕೆಂದು ಪ್ರವಾದಿ(ಸ)ಯವರು ಎಚ್ಚರಿಸಿದ್ದಾರೆ. ಸುದ್ದಿ ದಾಟಿಸುವವನು ಸಾಕ್ಷಿ ನುಡಿಯುವವನು. ನೆರೆಯ ನೀರು ಇಳಿದು ಹೋದರೂ ಆ ಸಾಕ್ಷ್ಯದ ವಿಚಾರಣೆ ಉಳಿದೇ ಇರುತ್ತದೆ.