ಹಾಡುವ ಬಾಲಕ ಯಾರ ಸ್ವತ್ತು?

ಸಾಹಿತ್ಯ ಸಮ್ಮೇಳನಗಳಲ್ಲಿ ಎಲ್ಲರಿಗಿಂತ ಮೊದಲು ವೇದಿಕೆ ಏರುವವರು ಮಕ್ಕಳು. ನಾಡಗೀತೆಗೋ ವಚನ ಗಾಯನಕ್ಕೋ ಅವರನ್ನು ಸಾಲಾಗಿ ನಿಲ್ಲಿಸುತ್ತೇವೆ, ಕೇಳಿ ತಲೆದೂಗುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಅವರು ಇಳಿದ ಮೇಲೆ ಹಿರಿಯರ ಭಾಷಣಗಳು ಆರಂಭವಾಗುತ್ತವೆ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡಿಗರಾದ ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಳ್ಳಿಯ ಬಾಲಕರ ಮೇಳವನ್ನು ಮುಂಬಯಿ, ಬೆಂಗಳೂರುಗಳಂತಹ ಮಹಾನಗರಗಳಿಗೂ ಕರೆದೊಯ್ದು ಹಾಡಿಸುತ್ತೇವೆ. ಇದರಲ್ಲಿ ಸಂತೋಷವೂ ಅಭಿಮಾನವೂ ಇವೆ. ಜೊತೆಗೆ ಒಂದು ನೈತಿಕ ಪ್ರಶ್ನೆಯೂ ಇದೆ. ಆ ಬಾಲಕನ ಕಂಠವನ್ನು ಬಳಸಿಕೊಳ್ಳುವ ಅಧಿಕಾರ ನಮಗೆ ಎಲ್ಲಿಂದ ಬಂತು? ಬಳಸಿಕೊಂಡ ಮೇಲೆ ನಮ್ಮ ತಲೆಯ ಮೇಲೆ ಯಾವ ಋಣ ಉಳಿಯುತ್ತದೆ?

ನಮ್ಮ ಸೀಮೆಯ ಸ್ಥಿತಿ ಸದಸ್ಯರಿಗೆ ತಿಳಿದದ್ದೇ. ಬೀದರ ಜಿಲ್ಲೆಗೆ ಸೇರಿದ್ದ ಉದಗೀರ, ನಿಲಂಗಾ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯಕ್ಕೆ ಹೋದವು. ಉಸ್ಮಾನಾಬಾದ ಜಿಲ್ಲೆಯ ಉಮರ್ಗಾವೂ ಅದೇ ದಾರಿ ಹಿಡಿಯಿತು. 1960ರಿಂದ ನಾವೆಲ್ಲರೂ ಮಹಾರಾಷ್ಟ್ರದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡರ ಜೊತೆಗೆ ದಖನಿಯೂ ಸೇರಿದ ನುಡಿ. ಹಳ್ಳಿಯ ಭಜನೆಯಲ್ಲಿ ಬಸವಣ್ಣನವರ ವಚನವೂ ತುಕಾರಾಮರ ಅಭಂಗವೂ ಒಂದೇ ಹಾರ್ಮೋನಿಯಮ್ಮಿನ ಮುಂದೆ ಕುಳಿತುಕೊಳ್ಳುತ್ತವೆ. ಕನ್ನಡ ಅಕ್ಷರ ಕಲಿಯದ ಹುಡುಗರು ವಚನಗಳನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಸೇವೆಯಲ್ಲಿದ್ದ ಕಾಲದಲ್ಲಿ ಇಂತಹ ಮೇಳಗಳೊಡನೆ ನಾವು ಹಲವು ಬಾರಿ ಪ್ರಯಾಣ ಮಾಡಿದ್ದುಂಟು. ರೈಲು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ನಡುರಾತ್ರಿ ಎಚ್ಚರವಾದಾಗಲೆಲ್ಲ ಇನ್ನೊಮ್ಮೆ ತಲೆ ಎಣಿಸುವುದೇ ನಮ್ಮ ಕೆಲಸ. ಪ್ರಯಾಣದಿಂದ ಮಕ್ಕಳಿಗೆ ಆಗುವ ಲಾಭ ಅಲ್ಪವಲ್ಲ. ಕೆರೆಯಷ್ಟೇ ನೀರು ಕಂಡವರು ಸಮುದ್ರ ನೋಡುತ್ತಾರೆ. ತರಗತಿಯಲ್ಲಿ ಎದ್ದು ನಿಲ್ಲಲು ನಾಚುವವನು ಸಾವಿರ ಜನರ ಎದುರು ಶ್ರುತಿ ಹಿಡಿಯುತ್ತಾನೆ.

ಆದರೆ ಒಂದು ಸಭೆಯಲ್ಲಿ ನಿರೂಪಕರೊಬ್ಬರು ನಮ್ಮ ಬಾಲಕರನ್ನು 'ಪರಭಾಷೆಯ ನಡುವೆ ನರಳುತ್ತಿರುವ ಕನ್ನಡದ ಕಂದಮ್ಮಗಳು' ಎಂದು ಪರಿಚಯಿಸಿದರು. ಸಭಿಕರ ಕಣ್ಣುಗಳು ತೇವವಾದವು. ಮರಳುವ ದಾರಿಯಲ್ಲಿ ಒಬ್ಬ ಹುಡುಗ ಕೇಳಿದ: "ಗುರೂಜಿ, ನಮಗ್ಯಾರು ತ್ರಾಸ ಕೊಟ್ಟಾರ್ರೀ?" ಅವನ ಆಪ್ತ ಗೆಳೆಯನ ಮನೆಮಾತು ಮರಾಠಿ. ಅವನಿಗೆ ಪಾಟಿ ಪುಸ್ತಕ ಕೊಡಿಸಿದ ಶಿಕ್ಷಕರೂ ಮರಾಠಿಗರು. 'ತ್ರಾಸ' ಎಂಬ ಅವನ ಮಾತು ಎರಡು ಭಾಷೆಗಳಿಗೂ ಸೇರಿದ್ದು. ಅವನಿಗಿಲ್ಲದ ದುಃಖವನ್ನು ಅವನ ಮೇಲೆ ಹೊದಿಸಿ, ಅದನ್ನು ನೋಡಿ ನಾವು ಅತ್ತಿದ್ದೆವು. ಆ ಕ್ಷಣದಲ್ಲಿ ಅವನು ನಮ್ಮ ಅಭಿಮಾನದ ಸಾಧನವಾಗಿದ್ದ.

ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಲಾಗದು, ಅವನು ತನ್ನಷ್ಟಕ್ಕೇ ಒಂದು ಗುರಿ ಎಂಬುದು ಜರ್ಮನಿಯ ತತ್ತ್ವಜ್ಞಾನಿ ಕಾಂಟನ ಪ್ರಸಿದ್ಧ ವಿಚಾರ. 'ಕೇವಲ' ಎಂಬ ಮಾತನ್ನು ಗಮನಿಸಬೇಕು. ಮಕ್ಕಳಿಂದ ಹಾಡಿಸುವುದರಲ್ಲಿ ದೋಷವಿಲ್ಲ. ಹಾಡಿನ ಆಚೆಗೆ ಅವರನ್ನು ಕಾಣದಿರುವುದರಲ್ಲಿ ದೋಷವಿದೆ.

ಯುರೋಪಿನ ಸಂಗೀತ ಚರಿತ್ರೆಯಲ್ಲಿ ಇದಕ್ಕೊಂದು ನಿದರ್ಶನವಿದೆ. ಮಹಾ ಸಂಗೀತಕಾರ ಜೋಸೆಫ್ ಹೈಡನ್ 1732ರಲ್ಲಿ ಆಸ್ಟ್ರಿಯಾದ ಒಂದು ಹಳ್ಳಿಯಲ್ಲಿ ಗಾಡಿಯ ಗಾಲಿ ಮಾಡುವವನ ಮಗನಾಗಿ ಹುಟ್ಟಿದ. ಎಂಟರ ಹರೆಯದಲ್ಲಿ ಅವನ ಇಂಪಾದ ಕಂಠವನ್ನು ಮೆಚ್ಚಿ ರಾಜಧಾನಿ ವಿಯೆನ್ನಾದ ಸೇಂಟ್ ಸ್ಟೀಫನ್ ಇಗರ್ಜಿಯ ಬಾಲಗಾಯಕರ ಮೇಳಕ್ಕೆ ಸೇರಿಸಿಕೊಂಡರು. ಪ್ರಾಯಕ್ಕೆ ಬಂದು ಧ್ವನಿ ಒಡೆದಾಗ ಅವನನ್ನು ಹೊರಗೆ ಹಾಕಿದರು. ನೆಲೆಯಿಲ್ಲದ ಆ ತರುಣ ಪಾಠ ಹೇಳಿ, ಬೀದಿಯಲ್ಲಿ ವಾದ್ಯ ನುಡಿಸಿ ಹೊಟ್ಟೆ ಹೊರೆದ. ಹೈಡನ್ ತನ್ನ ಪ್ರತಿಭೆಯಿಂದ ಮೇಲೆ ಬಂದನೆಂಬುದು ಆ ಮೇಳದ ವರ್ತನೆಗೆ ಸಮರ್ಥನೆಯಾಗದು. ಹಾಗೆ ಹೊರಬಿದ್ದು ಮೇಲೇಳದೆ ಹೋದವರ ಹೆಸರುಗಳನ್ನು ಚರಿತ್ರೆ ಬರೆದಿಡುವುದಿಲ್ಲ.

ಇದಕ್ಕೆ ಎದುರಾಗಿ ನಮ್ಮ ನಾಡಿನಲ್ಲೇ ಇನ್ನೊಂದು ಆದರ್ಶವಿದೆ. ಪಂಡಿತ ಪಂಚಾಕ್ಷರಿ ಗವಾಯಿಗಳು (1892–1944) ಸ್ವತಃ ಅಂಧರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಅಂಧ ಅನಾಥ ಬಾಲಕರನ್ನು ಕೂಡಿಕೊಂಡು ಊರಿಂದ ಊರಿಗೆ ಸಂಚರಿಸುವ ಸಂಗೀತ ಪಾಠಶಾಲೆಯನ್ನೇ ನಡೆಸಿದರು. ಅದು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ಅಲ್ಲಿಯೂ ಬಾಲಕರು ಹಾಡಿದರು, ಪ್ರಯಾಣ ಮಾಡಿದರು, ನಾಟಕ ಆಡಿದರು. ಬಂದ ಕಾಣಿಕೆ ಅವರದೇ ಅನ್ನವಾಯಿತು, ವಿದ್ಯೆಯಾಯಿತು. ಕಂಠವಿಲ್ಲದವನಿಗೆ ತಬಲಾ ಇತ್ತು, ಹಾರ್ಮೋನಿಯಂ ಇತ್ತು. ಗುರುಗಳ ತರುವಾಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೆ ಆರು ದಶಕಗಳಿಗೂ ಮಿಗಿಲಾಗಿ ಆ ಮನೆಯನ್ನು ನಡೆಸಿದರು. 1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದಾಗ ತರುಣ ಶಿಷ್ಯ ಬಸವರಾಜ ರಾಜಗುರು ಹಾಡಿದರು. ತಬಲಾ ಸಾಥಿಗೆ ಕುಳಿತವರು ಗುರುಗಳಾದ ಪಂಚಾಕ್ಷರಿ ಗವಾಯಿಗಳೇ. ಶಿಷ್ಯನನ್ನು ಮುಂದೆ ಕೂರಿಸಿ ತಾವು ತಾಳ ಹಿಡಿದ ಆ ಗುರುವಿನ ನಡೆಯಲ್ಲಿ ನಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. 'ಗಡಿಯಲ್ಲಿ ಭಾಷೆ ಉಳಿಯಬೇಕಾದರೆ ಮಕ್ಕಳೇ ಮುಂದೆ ಬರಬೇಕಲ್ಲವೆ? ಮಹಾನಗರದವರು ಕೇಳಿ ಮೆಚ್ಚದಿದ್ದರೆ ಸಹಾಯ ಎಲ್ಲಿಂದ ಬಂದೀತು?' ಮಾತು ನಿಜ. ಆದರೆ ಭಾಷೆ ಉಳಿಸುವ ಹೊಣೆ ಮೊದಲು ಹಿರಿಯರದು. ತನ್ನ ಹೆಸರನ್ನೇ ಕನ್ನಡದಲ್ಲಿ ಬರೆಯಲು ಬಾರದ ಹುಡುಗನಿಂದ ಕನ್ನಡದ ಕೀರ್ತಿಯನ್ನು ಹಾಡಿಸಿ, ಅವನನ್ನು ಹಾಗೆಯೇ ಊರಿಗೆ ಕಳುಹಿಸಿದರೆ ನಾವು ಅವನಿಂದ ಪಡೆದೆವೇ ಹೊರತು ಅವನಿಗೆ ಕೊಟ್ಟದ್ದೇನು? ಶಾಲು, ಹಾರ, ಒಂದು ಛಾಯಾಚಿತ್ರ. ಶಾಲು ಮನೆಯ ಗೂಟಕ್ಕೆ ಏರುತ್ತದೆ, ಹಾರ ಒಣಗುತ್ತದೆ.

ಆದುದರಿಂದ ಬಾಲಕರ ಮೇಳವನ್ನು ಕರೆದೊಯ್ಯುವವರು ಕೆಲವು ಧರ್ಮಗಳನ್ನು ಪಾಲಿಸಬೇಕೆಂದು ನಮ್ಮ ವಿನಂತಿ. ತಂದೆತಾಯಿಯರನ್ನು ಕೇಳುವಂತೆ ಹುಡುಗನನ್ನೂ ಕೇಳಬೇಕು. 'ಒಲ್ಲೆ' ಎಂದರೆ ಬಿಡಬೇಕು. ಅವನ ಊಟ ನಿದ್ರೆಗಳಿಗೆ ಕಾರ್ಯಕ್ರಮಕ್ಕಿಂತ ಮೊದಲ ಸ್ಥಾನವಿರಬೇಕು. ಅವನ ಎರಡು ಭಾಷೆಗಳಲ್ಲಿ ಒಂದನ್ನು ಶತ್ರುವೆಂದು ಅವನ ಎದುರಿಗೆ ಹೇಳಬಾರದು. ಬಂದ ಕಾಣಿಕೆಯ ಲೆಕ್ಕ ಅವನ ಮನೆಯವರಿಗೆ ತಿಳಿಯಬೇಕು. ಹಾಡಿದ ಪ್ರತಿಯೊಬ್ಬ ಹುಡುಗನಿಗೂ ಕನ್ನಡ ಅಂಕಲಿಪಿಯೊಂದು ಸಿಗಬೇಕು. ಬೇಸಿಗೆ ರಜೆಯಲ್ಲಿ ಅದನ್ನು ಕಲಿಸುವ ಒಬ್ಬ ಶಿಕ್ಷಕನನ್ನು ಸಂಘ ಗೊತ್ತುಮಾಡಬೇಕು. ಧ್ವನಿ ಒಡೆದ ದಿನ ಅವನನ್ನು ಮೇಳದಿಂದ ಬಿಡಿಸದೆ ಕೈಗೊಂದು ವಾದ್ಯ ಕೊಡಬೇಕು, ಅಥವಾ ಕಿರಿಯರಿಗೆ ಪಾಠ ಹೇಳುವ ಗೌರವ ಕೊಡಬೇಕು.

ಹಾಡುವ ಬಾಲಕ ಯಾರ ಸ್ವತ್ತೂ ಅಲ್ಲ. ಅವನ ತಂದೆತಾಯಿಯರು ನಮ್ಮ ಮೇಲೆ ವಿಶ್ವಾಸವಿಟ್ಟು ಕೆಲವು ದಿನ ಕಳುಹಿಸಿಕೊಟ್ಟವನು. ನಾಳೆ ನಮ್ಮ ವೇದಿಕೆಯಲ್ಲಿ ಹಾಡಲಿರುವ ಹುಡುಗರ ಹೆಸರುಗಳನ್ನು ಸಂಘದ ದಫ್ತರದಲ್ಲಿ ಬರೆದಿಡೋಣ. ಐದು ವರ್ಷಗಳ ತರುವಾಯ ಆ ಪುಟ ತೆರೆದು, ಒಬ್ಬೊಬ್ಬನೂ ಎಲ್ಲಿದ್ದಾನೆ, ಏನು ಓದುತ್ತಿದ್ದಾನೆ, ಇನ್ನೂ ಹಾಡುತ್ತಿದ್ದಾನೆಯೆ ಎಂದು ವಿಚಾರಿಸೋಣ. ಆ ಪಟ್ಟಿಯ ಮುಂದೆ ನಿಂತು ಉತ್ತರ ಹೇಳಬಲ್ಲೆವಾದರೆ ಮತ್ತೊಂದು ಮೇಳವನ್ನು ಮಹಾನಗರಕ್ಕೆ ಕರೆದೊಯ್ಯುವ ಅಧಿಕಾರ ನಮಗಿದೆ.