ಗೋಡೆ ಇಲ್ಲದ ನೀರು

ರಜೆಗೆ ಬೈಲಹೊಂಗಲಕ್ಕೆ ಬಂದಿದ್ದ ಅಕ್ಕನ ಮಗ ಊಟಕ್ಕೆ ಕೂತಾಗ ಕೇಳಿದ: "ಮಾಮಾ, ಪೂಲ್‌ನ್ಯಾಗ ನಿಲ್ಲದ ಒಂದೂವರಿ ಕಿಲೋಮೀಟರ್ ಈಸ್ತೀನಿ. ನವಿಲುತೀರ್ಥದ ಹಿನ್ನೀರಿನ್ಯಾಗ ಈಸಿದ್ರ ಏನಾಕ್ಕೈತಿ?"

ಅವನು ಟ್ರಯಥ್ಲಾನ್‌ಗೆ ತಯಾರಿ ನಡೆಸಿದ್ದಾನೆ. ಒಲಿಂಪಿಕ್ ದೂರದ ಸ್ಪರ್ಧೆಯಲ್ಲಿ 1,500 ಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ದಿನಾ ಬೆಳಿಗ್ಗೆ ಬೆಳಗಾವಿಯ ಈಜುಕೊಳದಲ್ಲಿ ಅಭ್ಯಾಸ. ನಾನು ಹೊಲದ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಕಲಿತವನು. ಅವನು ಈಸುವ ಅರ್ಧ ದೂರವೂ ನನ್ನಿಂದಾಗದು. ನನಗಿಂತ ಬಲ್ಲವನಿಗೆ 'ಬ್ಯಾಡ' ಅನ್ನುವ ಹಕ್ಕು ನನಗೆ ಎಲ್ಲಿಂದ ಬರಬೇಕು?

ರಾತ್ರಿ ಸುಮ್ಮನೆ ಲೆಕ್ಕ ಹಾಕಿದೆ. 25 ಮೀಟರಿನ ಕೊಳದಲ್ಲಿ 1,500 ಮೀಟರ್ ಎಂದರೆ 60 ಉದ್ದ. ನಡುವೆ 59 ಸಲ ಗೋಡೆ ಸಿಗುತ್ತದೆ. ಪ್ರತಿ ಸಲ ಕಾಲಿನಿಂದ ಒದ್ದು ಮುಂದೆ ಹೋಗಬಹುದು. ಸಾಕೆನಿಸಿದರೆ ಅಂಚು ಹಿಡಿದು ನಿಲ್ಲಲೂಬಹುದು. ಅಂದರೆ 59 ಸಲ ಯಾರನ್ನೂ ಕೇಳದೆ ಬಿಟ್ಟುಬಿಡುವ ಅವಕಾಶ. ಮಲಪ್ರಭೆಯಲ್ಲಿ ಅದು ಒಂದೂ ಇಲ್ಲ.

ಕಲಿಸುವವರಿಗೆ ಇದು ಗೊತ್ತು. ಕೊಳದ ಸಾಲುಗಳ ನಡುವಿನ ಹಗ್ಗ ತೆಗೆಸುತ್ತಾರೆ. ನಾಲ್ಕಾರು ಜನರನ್ನು ಒಟ್ಟಿಗೆ ಬಿಟ್ಟು, ಕೈಕಾಲು ತಾಗುವುದನ್ನು ರೂಢಿ ಮಾಡಿಸುತ್ತಾರೆ. ಗೋಡೆ ಮುಟ್ಟದೆ ತಿರುಗಿಸುತ್ತಾರೆ. ಕೆಲವು ಬೀಸಿಗೊಮ್ಮೆ ತಲೆಯೆತ್ತಿ ಗುರುತು ನೋಡಲು ಹೇಳುತ್ತಾರೆ. ಕಣ್ಣು ಮುಚ್ಚಿಸಿ ಎಷ್ಟು ಓರೆ ಹೋಗುತ್ತೀ ಎಂದು ತೋರಿಸುತ್ತಾರೆ. ಇಷ್ಟೆಲ್ಲ ಕೊಳದಲ್ಲಿ ಕಲಿಯಬಹುದು. ನಿಲ್ಲುವುದೊಂದನ್ನು ಮಾತ್ರ ಅಲ್ಲಿ ಕಲಿಯಲಾಗದು. ಅಲ್ಲಿ ನಿಂತರೆ ಕಳೆದುಕೊಳ್ಳುವುದು ಏನೂ ಇಲ್ಲವಲ್ಲ.

ಮ್ಯಾಥ್ಯೂ ವೆಬ್ 1875ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದವನು. ಅವನ ತೋಳಿನ ಬಲದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. 1883ರಲ್ಲಿ ನಯಾಗರಾದ ಸುಳಿಗೆ ಇಳಿದು ಸತ್ತ. ಕೋಲ್ಕತ್ತದ ಆರತಿ ಸಾಹಾ 1959ರಲ್ಲಿ ಅದೇ ಕಾಲುವೆಗೆ ಇಳಿದಾಗ ಮೊದಲ ಯತ್ನವನ್ನು ನಡುನೀರಿನಲ್ಲೇ ಕೈಬಿಡಬೇಕಾಯಿತು. ಆದರೆ ಅದೇ ಸೆಪ್ಟೆಂಬರ್ 29ರಂದು ಮತ್ತೆ ಇಳಿದು ದಾಟಿದರು. ಹಾಗೆ ದಾಟಿದ ಏಷ್ಯಾದ ಮೊದಲ ಹೆಣ್ಣುಮಗಳಾದರು. ಅಂದು ನೀರಿನಿಂದ ಮೇಲೆ ಬಂದದ್ದನ್ನು ಸೋಲು ಎನ್ನಲು ನನಗೆ ಮನಸ್ಸಿಲ್ಲ.

ಮರುದಿನ ಇದನ್ನೆಲ್ಲ ಹೇಳಿದೆ. ಅವನು ನಕ್ಕ. "ಇದು ನಿನ್ನ ಅಂಜಿಕಿ, ಮಾಮಾ. ನಂದಲ್ಲ."

ಅರ್ಧ ನಿಜ. 2019ರ ಆಗಸ್ಟಿನಲ್ಲಿ ರಾಮದುರ್ಗದ ಓಣಿಗಳಿಗೆ ನುಗ್ಗಿದ ಮಲಪ್ರಭೆಯನ್ನು ನಾನು ನೋಡಿದ್ದೇನೆ. ನನ್ನ ಅಂಜಿಕೆಯನ್ನೇ ಅವನ ಅಪಾಯ ಎಂದು ಕರೆದು ತಡೆದರೆ ಅದು ಪ್ರೀತಿಯ ಹೆಸರಿನ ದಬ್ಬಾಳಿಕೆ. ಹಾಗೆಂದು 'ನಿನ್ನ ಜೀವ, ನಿನ್ನ ಇಷ್ಟ' ಎಂದು ಕೈ ತೊಳೆದುಕೊಂಡರೆ? ದಣಿದ ಮೈಗೆ ತಾನು ದಣಿದದ್ದು ಕೊನೆಗೆ ತಿಳಿಯುತ್ತದೆ. ನಿರ್ಧಾರ ಬೇಕಾದ ಹೊತ್ತಿಗೇ ನಿರ್ಧರಿಸುವ ಬುದ್ಧಿ ಮಂಕಾಗಿರುತ್ತದೆ.

ಆಗ ಬಾವಿ ನೆನಪಾಯಿತು. ಬುರುಡೆಯ ಜೊತೆಗೆ ನನ್ನ ಸೊಂಟಕ್ಕೆ ಹಗ್ಗವೂ ಇತ್ತು. ಅದರ ತುದಿ ಮೆಟ್ಟಿಲ ಮೇಲೆ ನಿಂತ ಸೋದರಮಾವನ ಕೈಯಲ್ಲಿ. ಅವರಿಗೆ ನನ್ನಷ್ಟು ಚುರುಕಾಗಿ ಈಸಲು ಬರುತ್ತಿರಲಿಲ್ಲ. ಆದರೂ ಅವರು ಎಳೆದಾಗ ನಾನು ಮೇಲೆ ಬರಬೇಕು, ವಾದವಿಲ್ಲ. ಆ ಒಪ್ಪಂದ ಇದ್ದುದರಿಂದಲೇ ನಾನು ಆಳಕ್ಕೆ ಹೋಗುವ ಧೈರ್ಯ ಮಾಡುತ್ತಿದ್ದೆ. ಮೈ ಎಚ್ಚರವಿದ್ದಾಗಲೇ 'ಸಾಕು' ಎನ್ನುವ ಮಾತನ್ನು ಇನ್ನೊಬ್ಬರಿಗೆ ಒಪ್ಪಿಸುವುದು ಅಧೀನತೆಯಲ್ಲ ಎಂದು ಈಗ ಅನಿಸುತ್ತದೆ.

ಹಾಗಾಗಿ 'ಬ್ಯಾಡ' ಅನ್ನಲಿಲ್ಲ. ಮೊದಲು ಅನುಮತಿ ಕೇಳೋಣ, ಆಮೇಲೆ ಪಕ್ಕದಲ್ಲೊಂದು ದೋಣಿ, ದೋಣಿಯವರು ಏರು ಎಂದ ಕೂಡಲೇ ಏರಬೇಕು ಎಂದೆ.

"ದೋಣ್ಯಾಗ ಯಾರ ಕೂಡೋರು?"

"ಯಾರ ಮಾತಿಗೆ ನೀ ಎದುರಾಡೂದಿಲ್ಲೊ, ಅವರು."

ಅವನು ಇನ್ನೂ ಹೆಸರು ಹೇಳಿಲ್ಲ.